ಹೆಬ್ಬೆರಳಿಗೆ ಕಟ್ಟಿದ ದಾರ

ದೋಣಿ ಕಾಕಾನ ಬಲಗಾಲಿನ ಹೆಬ್ಬೆರಳಿನ ಸುತ್ತ ಒಂದು ಕಪ್ಪು ಗೆರೆ ಇತ್ತು. ಕಾಲುಂಗುರ ತೆಗೆದರೆ ಹೆಂಗಸರ ಬೆರಳಲ್ಲಿ ಉಳಿಯುತ್ತದಲ್ಲ, ಅಂಥದು. ನನ್ನ ಕಾಲಲ್ಲೂ ಆಗ ಆ ಗುರುತು ಹೊಸದಾಗಿತ್ತು. ಅದಕ್ಕೇ ಮೊದಲ ದಿನ ನನ್ನ ಕಣ್ಣು ಅಲ್ಲಿಗೆ ಹೋಯಿತು. ಅವರದು ನೈಲಾನ್ ದಾರ ಕೊರೆದ ಗೆರೆ. ದೋಣಿಯಲ್ಲಿ ಕೂತ ಗಿರಾಕಿಗಳು ದುಬಾರಿ ಗಾಳದ ಕೋಲು ಹಿಡಿದು ಕಾಯುತ್ತಿದ್ದರೆ, ಇವರು ತಮ್ಮ ಗಾಳದ ದಾರವನ್ನು ಹೆಬ್ಬೆರಳಿಗೆ ಸುತ್ತಿ, ಕಣ್ಣು ಮುಚ್ಚಿ ಬೀಡಿ ಸೇದುತ್ತಿದ್ದರು. ಬೆರಳು ಅಲುಗಿದರೆ ಕಣ್ಣು ತೆರೆಯದೆಯೇ, "ಎಡಕ್ಕೆ ಬಿಸಾಡಿ" ಎನ್ನುತ್ತಿದ್ದರು.

ಉಡುಪಿ ಕಡೆಯವರು. ಕಾಮೋಠೆಯ ಆಚೆ ಸಮುದ್ರದ ನೀರು ಒಳಗೆ ಬಂದು ಹಿಂದೆ ಹೋಗುವ ಖಾಡಿಯಲ್ಲಿ ಅವರ ದೋಣಿ. ಭಾನುವಾರ ಠಾಣೆ, ಡೊಂಬಿವಲಿಯಿಂದ ಹೋಟೆಲಿನವರು, ಆಫೀಸಿನವರು ಜಿತಾಡ ಎಂಬ ದೊಡ್ಡ ಮೀನು ಹಿಡಿಯಲು ಬರುತ್ತಿದ್ದರು. ಅವರನ್ನು ಕೂರಿಸಿಕೊಂಡು ಹೋಗಿ ಮೀನಿನ ಜಾಗ ತೋರಿಸುವುದು ಕಾಕಾನ ಕೆಲಸ. ಸಿಕ್ಕೇ ಸಿಗುತ್ತದೆ ಎಂದು ಯಾರಿಗೂ ಮಾತು ಕೊಟ್ಟವರಲ್ಲ. "ಎಷ್ಟೊತ್ತಿಗೆ ಬರ್ತದೆ?" ಎಂದು ಯಾರಾದರೂ ಕೇಳಿದರೆ, "ಅದೆಂತ ಕಲ್ಯಾಣ ಲೋಕಲಾ ಸ್ವಾಮಿ, ಟೈಮಿಗೆ ಬರ್ಲಿಕ್ಕೆ? ಲೋಕಲೂ ಬರುದಿಲ್ಲ."

ನಾನು ಸಿಂದಗಿ ಕಡೆಯವಳು. ಕಾಮೋಠೆಯಲ್ಲಿ ಬಿಲ್ಡಿಂಗ್ ಏಳುವಾಗ ಇಟ್ಟಿಗೆ ಹೊರುತ್ತಿದ್ದೆ. ಗಂಡ ಕಾಮಾಲೆಯಾಗಿ ಸತ್ತ. ಸ್ವಲ್ಪ ದಿನಕ್ಕೆ ನನ್ನ ಭುಜವೂ ಜಾರಿತು. ಇಟ್ಟಿಗೆ ಹೊರಲಾಗದವಳಿಗೆ ಸೈಟಿನ ಶೆಡ್ಡಿನಲ್ಲಿ ಜಾಗವಿಲ್ಲ ಎಂದರು. ಗಂಟು ಹೊತ್ತು ದೋಣಿ ನಿಲ್ಲುವ ದಕ್ಕೆಗೆ ಹೋಗಿ ಕಾಕಾನಲ್ಲಿ ಕೆಲಸ ಕೇಳಿದೆ.

"ಈಜ್ಲಿಕ್ಕೆ ಬರ್ತದಾ?"

"ಬರಂಗಿಲ್ರಿ."

"ಮೀನು ತಿಂತೀಯಾ?"

"ಇಲ್ರಿ ಕಾಕಾ."

"ಒಳ್ಳೇದಾಯ್ತು ಮಾರಾಯ್ತಿ. ಗಿರಾಕಿಗಳ ಮೀನು ಉಳೀತದೆ."

ದಕ್ಕೆಯ ಪಕ್ಕದ ತಗಡಿನ ಗುಡಿಸಲು ಕೊಟ್ಟರು. ಗಾಳಕ್ಕೆ ಸಿಕ್ಕಿಸುವ ಜೀವಂತ ಸಿಗಡಿಯನ್ನು ಬಕೀಟಿನಲ್ಲಿ ಸಾಯದಂತೆ ನೋಡಿಕೊಳ್ಳುವುದು, ಬಂದವರಿಗೆ ರೊಟ್ಟಿ ಬಡಿಯುವುದು ನನ್ನ ಕೆಲಸ.

ಒಂದು ಹುಣ್ಣಿಮೆಯ ಭಾನುವಾರ ಠಾಣೆಯ ಹೋಟೆಲಿನವರೊಬ್ಬರು ಬಂದಿದ್ದರು. ಉಳಿದ ಗಿರಾಕಿಗಳನ್ನೆಲ್ಲ ಕರೆತರುತ್ತಿದ್ದವರು ಅವರೇ. ಮಧ್ಯಾಹ್ನ ನೀರು ತುಂಬಿತ್ತು. ಊಟಕ್ಕೆ ಇಳಿಯುವಾಗ ಕಾಕಾ, "ದೋಣಿ ಕಟ್ಟು" ಎಂದರು. ಎತ್ತು ಕಟ್ಟಿದವಳು ನಾನು. ಅತ್ತಿತ್ತ ಹೋಗದಂತೆ ಕಂಬಕ್ಕೆ ಗಿಡ್ಡವಾಗಿ, ಬಿಗಿಯಾಗಿ ಕಟ್ಟಿದೆ. ಅವರು ಉಂಡು ಮರದಡಿ ಒರಗಿದರು. ಎದ್ದು ಬಂದು ನೋಡಿದರೆ ನೀರು ಆಳೆತ್ತರ ಇಳಿದಿದೆ, ದೋಣಿ ಮೂತಿಯಿಂದ ಕಂಬಕ್ಕೆ ನೇತಾಡುತ್ತಿದೆ. ಒಳಗಿದ್ದದ್ದೆಲ್ಲ ಕೆಸರಿಗೆ ಬಿದ್ದಿತ್ತು. ಹೋಟೆಲಿನವರ ಫಾರಿನ್ ಕೋಲು ಎರಡು ತುಂಡು.

"ಯಾರು ಕಟ್ಟಿದ್ದು? ಆ ಘಟ್ಟದ ಮೇಲಿನ ಹೆಂಗಸಾ? ಅವಳನ್ನು ಕಳ್ಸಿ. ಅವಳಿದ್ರೆ ನಾವು ಒಬ್ರೂ ಬರುದಿಲ್ಲ."

ನಾನು ಒಳಗೆ ಹೋಗಿ ಗಂಟು ಕಟ್ಟತೊಡಗಿದೆ. ಕಾಕಾನ ಮಾತು ಹೊರಗಿನಿಂದ ಕೇಳಿಸಿತು. "ಕಟ್ಟುದು ಹೇಗೆಂತ ಹೇಳಿಕೊಡದವ ನಾನು. ಬೈಯುದಾದ್ರೆ ನನಗೆ ಬೈರಿ. ಅವಳು ಇರ್ತಾಳೆ."

ನಾಲ್ಕು ಭಾನುವಾರ ಒಬ್ಬರೂ ಬರಲಿಲ್ಲ. ಆ ನಾಲ್ಕೂ ಭಾನುವಾರ ಕಾಕಾ ನನ್ನಿಂದಲೇ ದೋಣಿ ಕಟ್ಟಿಸಿ, ನೀರು ತುಂಬಿದಾಗಿನಿಂದ ಪೂರ್ತಿ ಇಳಿಯುವವರೆಗೆ ಕಂಬದ ಬುಡದಲ್ಲಿ ಕೂರಿಸಿದರು.

"ಎತ್ತು ಅಂತ ತಿಳ್ಕೊಂಡಿದ್ಯಾ ಅದನ್ನು?"

"ಗಿಡ್ಡ ಕಟ್ಟದಿದ್ರ ಮಂದಿ ಹೊಲಾ ಮೇಯ್ತದ್ರಿ."

"ಮೇಯ್ಲಿ ಬಿಡು. ನೀರು ಇಳೀತದೆ, ಏರ್ತದೆ. ಹಗ್ಗಕ್ಕೆ ಎರಡೂ ಗೊತ್ತಿರ್ಬೇಕು."

ನಡುವಿನ ದಿನಗಳಲ್ಲಿ ಹುಟ್ಟು ಹಾಕುವುದನ್ನೂ ಕಲಿಸಿದರು. ಕಲಿಸುವಾಗ ಬೈದದ್ದಕ್ಕೆ ಲೆಕ್ಕವಿಲ್ಲ.

ಐದನೆಯ ಭಾನುವಾರ ಹೋಟೆಲಿನವರು ಒಬ್ಬರೇ ಬಂದರು. ಬೇರೆಯವರ ದೋಣಿಯಲ್ಲಿ ನಾಲ್ಕು ವಾರ ಬಿಸಿಲು ಕಾಯಿಸಿದ್ದೇ ಬಂತಂತೆ.

"ಅವಳು ಹೋದ್ಲಾ?"

"ಇದ್ದಾಳೆ. ಇವತ್ತು ದೋಣಿ ನಡೆಸುದೇ ಅವಳು."

ನಾನು ಹುಟ್ಟು ಹಿಡಿದೆ. ಹೋಟೆಲಿನವರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕೂತರು. ಜಾಗ ಬಂದ ಮೇಲೆ ಕಾಕಾ ತಮ್ಮ ಹೆಬ್ಬೆರಳಿನ ದಾರ ಬಿಚ್ಚಿ ನನ್ನ ಕಡೆ ಚಾಚಿದರು. "ಕಟ್ಕೋ." ಮುಂಡೆಯಾದ ಮೇಲೆ ನನ್ನ ಕಾಲ್ಬೆರಳು ಏನನ್ನೂ ತೊಟ್ಟಿರಲಿಲ್ಲ. ಕಟ್ಟಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಯಾರೋ ಬೆರಳು ಹಿಡಿದು ಕರೆದಂತಾಯಿತು.

"ಬಲಕ್ಕ ಒಗೀರಿ," ಎಂದೆ.

ಹೋಟೆಲಿನವರು ಕಾಕಾನ ಮುಖ ನೋಡಿದರು. ಕಾಕಾ ಬೀಡಿ ಹೊತ್ತಿಸುತ್ತಿದ್ದರು. ಬೇರೆ ದಾರಿಯಿಲ್ಲದೆ ಬಲಕ್ಕೆ ಎಸೆದರು. ಕೋಲು ಬಿಲ್ಲಿನಂತೆ ಬಾಗಿತು. ತೊಡೆಯಷ್ಟು ದಪ್ಪದ ಜಿತಾಡ ದೋಣಿಗೆ ಬಂದು ಬಡಿದಾಡಿತು.

"ನಿಮ್ಮ ಹೆಂಗಸಿಗೆ ಗೊತ್ತುಂಟು," ಎಂದರು ಹೋಟೆಲಿನವರು.

"ನನ್ನ ಹೆಂಗಸೆಂತ? ದೋಣಿಯವಳು ಅವಳು."

ಅಲ್ಲಿಂದ ಮುಂದೆ ಎಲ್ಲರೂ ನನ್ನನ್ನು ಹಾಗೆಯೇ ಕರೆದರು. ಕಾಕಾನದು ಬಾಯಿ ಒರಟು, ಬೀಡಿಯ ನಾತ, ಮಳೆಗಾಲವಿಡೀ ಗೊಣಗಾಟ. ದೇವರಂಥವರು ಎಂದೇನೂ ನಾನು ಬರೆಯುವುದಿಲ್ಲ. ಆದರೆ ಆ ದಿನದಿಂದ ನಾನು ಗಂಟು ಹೊತ್ತು ಯಾರ ಬಾಗಿಲಿಗೂ ಹೋಗಲಿಲ್ಲ.

ಕೆಲವು ವರ್ಷಕ್ಕೆ ಎದೆ ಕೆಟ್ಟು ಕಾಕಾ ತೀರಿಕೊಂಡರು. ಇಲ್ಲೇ ಹುಟ್ಟಿ ಬೆಳೆದ ಅವರ ತಮ್ಮನ ಮಗ ಠಾಣೆಯ ಆಚೆಯ ದಿವಾದಿಂದ ಬಂದ. ಹೆಣದ ಎರಡೂ ಹೆಬ್ಬೆರಳು ಸೇರಿಸಿ ಕಟ್ಟುವ ಪದ್ಧತಿ ಇದೆಯಲ್ಲ, ಅದಕ್ಕೆ ಅವನು ದಾರ ತಂದು ಚರ್ಮ ಕೊರೆಯುವಷ್ಟು ಬಿಗಿದ.

"ಸಡಿಲ ಕಟ್ಟಪಾ," ಎಂದೆ.

"ಕ್ಯಾ ಫರಕ್ ಪಡತಾ ಹೈ ಮೌಸಿ?"

ಹೇಗೆ ಕಟ್ಟಿದರೇನು ಎಂದವನನ್ನು ಸರಿಸಿ ಕೂತೆ. ಗಂಟು ಬಿಚ್ಚಿದೆ. ಆ ಹಳೆಯ ಗೆರೆಯ ಮೇಲೇ ದಾರ ಹಾಯಿಸಿ, ನೀರು ಇಳಿಯುವಷ್ಟು ಜಾಗ ಬಿಟ್ಟು ಕಟ್ಟಿದೆ.