ಕೃಷ್ಣೆಗೆ ಹೊರಟ ಮಕಬೂಲನ ದೋಣಿ

ಬೆಳಿಗ್ಗೆಯಿಂದ ನಮ್ಮ ಮನೆಯ ಮುಂದೆ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ನಾನೊಬ್ಬ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಕಾದ ಡಾಂಬರಿನ ವಾಸನೆ ಬಂದರೆ ನನಗೆ ಹೊಳೆ ನೆನಪಾಗುತ್ತದೆ, ಅದರ ಹಿಂದೆಯೇ ಹೊಟ್ಟೆಯೊಳಗೆ ಸಣ್ಣದೊಂದು ಉರಿ. ಈ ವಯಸ್ಸಿನಲ್ಲಿ ಅದಕ್ಕೆ ಅಸಿಡಿಟಿ ಎಂದು ಹೆಸರಿಟ್ಟು ಪಾರಾಗಬಹುದು. ಆದರೆ ನಿಮ್ಮ ಹತ್ತಿರ ಏನು ಮುಚ್ಚುಮರೆ, ಅದು ಶುದ್ಧ ಹೊಟ್ಟೆಕಿಚ್ಚು.

ಎಂಬತ್ತರ ದಶಕದ ಮಾತು. ಗಾಣಗಾಪುರದಿಂದ ಕೆಳಗೆ, ಭೀಮೆಯ ದಂಡೆಯ ನಮ್ಮೂರಿನಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರ. ಮಕಬೂಲ ದೋಣಿಯವರ ಮಗ. ಅವನ ಅಪ್ಪ ಹಾಯಿ ಕಟ್ಟಿದ ದೊಡ್ಡ ದೋಣಿಯಲ್ಲಿ ಜನ, ಆಡು, ಜೋಳದ ಚೀಲ ಎಲ್ಲವನ್ನೂ ಆಚೆ ದಂಡೆಗೆ ಮುಟ್ಟಿಸುತ್ತಿದ್ದ. ಸೇತುವೆಯಾಯಿತು, ದೋಣಿ ಬೇವಿನ ಮರದ ಕೆಳಗೆ ಬೋರಲು ಬಿತ್ತು. ಅಪ್ಪ ತೀರಿಕೊಂಡ ಮೇಲೆ ಮಕಬೂಲ ಹಮಾಲಿ ಮಾಡತೊಡಗಿದ. ಒಂದು ದಿನ ಶಾಲೆಗೆ ಬಂದು ಗೋಡೆಯ ನಕಾಶೆಯ ಮುಂದೆ ನಿಂತ.

“ಮಾಸ್ತರ, ನಮ್ಮ ಹೊಳಿ ಹೋಗಿ ಕೃಷ್ಣಾಕ್ಕ ಎಲ್ಲಿ ಕೂಡತದ್ರಿ?”

ತೋರಿಸಿದೆ. ಬೆರಳಿನಿಂದ ಅಳೆದು ನೋಡಿದ. “ನಮ್ಮ ದೋಣಿ ಇಷ್ಟು ವರ್ಷ ಬರೇ ಅಡ್ಡಡ್ಡ ಓಡ್ಯಾಡ್ಯದ. ಒಮ್ಮೆ ಉದ್ದಕ್ಕ ಒಯ್ತೇನ್ರಿ.”

ಇದು ನನಗೆ ಹೊಳೆಯಬೇಕಿದ್ದ ಮಾತು. ವರ್ಷವರ್ಷವೂ ಮಕ್ಕಳಿಗೆ ನದಿಗಳ ಪಾಠ ಹೇಳುವ ನಾನು ಗುಲ್ಬರ್ಗಾ ದಾಟಿದವನಲ್ಲ. ಸಂಗಮದ ತನಕ ಹೋಗುವ ಆಸೆ ನನಗೂ ಇತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಅಕ್ಷರ ಬಾರದ ಮಕಬೂಲ ನನ್ನ ನಕಾಶೆಯ ಮುಂದೆಯೇ ಅದನ್ನು ಹೇಳಿಬಿಟ್ಟಿದ್ದ. ಅವತ್ತಿನಿಂದ ಆ ದೋಣಿ ಹೊರಡದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದೆ.

ಅವನ ಹತ್ತಿರ ದುಡ್ಡಿರಲಿಲ್ಲ. ಆದರೆ ಏನು ಕೇಳಿದರೂ ಜನ ಕೊಟ್ಟರು. ರಸ್ತೆ ಕೆಲಸದವರು ಡಬ್ಬಿಯ ತಳದಲ್ಲಿ ಉಳಿದ ಡಾಂಬರು ಕೊಟ್ಟರು. ಹತ್ತಿ ಮಾರುವ ಅಡತಿ ಅಂಗಡಿಯ ಕಸದಿಂದ ಹತ್ತಿ ಆರಿಸಿ, ಡಾಂಬರಿನಲ್ಲಿ ಅದ್ದಿ, ಮಕಬೂಲ ಹಲಗೆಗಳ ಸಂದಿಗೆ ತುರುಕಿದ. ಕಂಬಾರ ಮುರಿದ ಚಕ್ಕಡಿಯ ಪಟ್ಟಿ ಕಾಯಿಸಿ ಮೂಲೆಗಳಿಗೆ ಬಡಿದುಕೊಟ್ಟ. ಹಾಯಿಗೆ ಬಟ್ಟೆಯಿಲ್ಲವೆಂದಾಗ ಓಣಿಯ ಹೆಂಗಸರು ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿದಂತೆ ಹೊಲಿದರು. ಅವರಲ್ಲಿ ನನ್ನ ಹೆಂಡತಿಯೂ ಇದ್ದಳು. ಹಾಯಿಯ ನಟ್ಟನಡುವೆ ಬೆಳ್ಳಗೆ ಕಂಡದ್ದು ನನ್ನ ಮದುವೆಯ ಧೋತರ.

“ಏನ್ ಮಾಡೀ ಇದು?” ಎಂದು ಕೇಳಿದೆ.

“ಪೆಟ್ಟಿಗ್ಯಾಗ ಹುಳ ತಿನ್ನಾಕತ್ತಿದ್ವು. ಅದಾದ್ರೂ ನಾಕು ಊರು ನೋಡ್ಲಿ ಬಿಡ್ರಿ,” ಎಂದಳು.

ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಎಣ್ಣೆಗಾಯಿ ಮಾಡಿದ್ದಳು, ಮಾತಾಡಬೇಕಾಯಿತು.

ಹೊರಡಲು ಇನ್ನೊಂದು ವಾರವಿರುವಾಗ, ಮುಂಜಾನೆ ಹೊಳೆಗೆ ಹೋದರೆ, ದೋಣಿ ದಂಡೆಯ ಹತ್ತಿರವೇ ಮುಳುಗಿ ಕೂತಿದೆ. ಅಂಚುಗಳಷ್ಟೇ ನೀರಿನ ಮೇಲೆ ಕಾಣುತ್ತಿವೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಗ ಹುಟ್ಟಿದ ಸುದ್ದಿ ಕೇಳಿದಾಗಲೂ ಅಷ್ಟು ಹಗುರವಾಗಿ ನಡೆದಿರಲಿಕ್ಕಿಲ್ಲ. ನೆಟ್ಟಗೆ ಮಕಬೂಲನ ಮನೆಗೆ ಹೋದೆ, ಬಾಗಿಲ ಹತ್ತಿರ ಮುಖ ಸಪ್ಪಗೆ ಮಾಡಿಕೊಂಡೆ.

“ಹಿಂಗ ಆಗಬಾರದಿತ್ತೋ ಮಕಬೂಲ. ದೋಣಿ ಮುಳಗ್ಯದ.”

ಅವನು ಚಹಾ ಸೋಸುತ್ತಿದ್ದ. “ನಾನಽ ಮುಳುಗಿಸೇನ್ರಿ, ಕಲ್ಲು ಹೇರಿ. ಒಣಗಿದ ಹಲಗಿ ನೀರು ಕುಡದು ಉಬ್ಬಬೇಕು, ಆಗ ಸಂದಿ ಮುಚ್ಚತಾವ. ನಮ್ಮಪ್ಪ ಹಿಂಗಽ ಮಾಡ್ತಿದ್ದ.” ಚಹಾದ ಕಪ್ಪನ್ನು ನನ್ನ ಕೈಗಿತ್ತು, ಮುಖ ನೋಡಿದ. “ನೀವೂ ಬರ್ರಿ ಮಾಸ್ತರ. ನಕಾಶೆ ಓದಾಕ ಒಬ್ಬರು ಬೇಕು.”

ರಜೆ ಸಿಗುವುದಿಲ್ಲ ಎಂದುಬಿಟ್ಟೆ. ಅವನು ಹೊರಟದ್ದು ದಸರೆಯ ರಜೆಯಲ್ಲಿ. ಅವನ ದೋಣಿಯಲ್ಲಿ ಎರಡನೆಯವನಾಗಿ ಕೂರಲು ನನ್ನಿಂದ ಆಗಲಿಲ್ಲ. ನನ್ನ ಧೋತರ ಗಾಳಿ ತುಂಬಿಕೊಂಡು ತಿರುವು ದಾಟುವುದನ್ನು ದಂಡೆಯ ಮೇಲೆ ನಿಂತು ನೋಡಿದೆ. ಅವನು ಸಂಗಮ ಮುಟ್ಟಿದ, ದೋಣಿಯನ್ನು ಅಲ್ಲಿಯ ಮೀನುಗಾರರಿಗೆ ಕೊಟ್ಟು ಬಸ್ಸಿನಲ್ಲಿ ವಾಪಸು ಬಂದ. ಆ ಪ್ರಯಾಣದ ಕತೆಯನ್ನು ಊರೆಲ್ಲ ಕೇಳಿತು. ಅವನು ಶುರು ಮಾಡಿದರೆ ನಾನು ಮಾತ್ರ ಏನಾದರೊಂದು ನೆವ ಹೇಳಿ ಎದ್ದುಹೋಗುತ್ತಿದ್ದೆ.

ಈಗ ಸಂಜೆಯಾಗಿದೆ. ದಿನದಂತೆ ಮಕಬೂಲ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಯಾಕೋ ಇವತ್ತು ಹೇಳಿಬಿಡೋಣ ಅನಿಸಿತು.

“ಮಕಬೂಲ, ಅವತ್ತು ದೋಣಿ ಮುಳಗಿದ್ದು ನೋಡಿ ನನಗ ಭಾಳ ಖುಷಿ ಆಗಿತ್ತು.”

“ಗೊತ್ತದ್ರಿ. ನೀವು ಬರೂದು ಕಿಡಕ್ಯಾಗಿಂದ ನೋಡಾಕತ್ತಿದ್ದೆ. ಬಾಗಲಕ್ಕ ಬಂದು ಮಾರಿ ಸಣ್ಣ ಮಾಡಿದ್ರಿ.”

“ಗೊತ್ತಿದ್ದೂ ಯಾಕ ಕರದಿ?”

“ಮಂದಿ ಕೈ ಹಚ್ಚಿದ್ರು ಖರೆ. ಹೋಗೂ ಆಸೆ ಯಾರಿಗಿತ್ರಿ? ನನ್ನಷ್ಟಽ ಆಸೆ ಇದ್ದವ್ರು ನೀವೊಬ್ಬರಽ ಅಂತ ಅವತ್ತು ತಿಳೀತು.” ಕೋಲನ್ನು ಗೋಡೆಗೆ ಆನಿಸಿಟ್ಟು ಅಂದ, “ಸಂಗಮದ ತನಕ ಮುಂದ ಕೂಡೂ ಹಲಗಿ ಖಾಲೀನಽ ಇತ್ರಿ.”

ನಾನು ಕುರ್ಚಿಯಿಂದ ಇಳಿದು ಅವನ ಪಕ್ಕ ಕೂತೆ.

“ಅಲ್ಲಿ ನೀರು ಹ್ಯಾಂಗಿತ್ತು, ಹೇಳು,” ಎಂದೆ.