ಅತ್ತೆಗೆ ಕೇಳಿಸಿದ ಗೀಸರ್ ಸದ್ದು

ಚಿತ್ರದುರ್ಗದ ನಮ್ಮ ಮನೆಯ ಗೀಸರ್ ಸದ್ದು ಮಾಡುತ್ತಿದೆ ಎಂದು ಮೊದಲು ಹೇಳಿದವರು ನನ್ನ ಅತ್ತೆ. ಆ ಹೊತ್ತಿಗಾಗಲೇ ಅವರಿಗೆ ಮರೆವು ಹೆಚ್ಚಾಗಿತ್ತು. ಈಗಷ್ಟೇ ಉಂಡದ್ದು ನೆನಪಿರುತ್ತಿರಲಿಲ್ಲ. ಭರಮಸಾಗರದ ಕೆರೆ ಏರಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿದ್ದುದು ಮಾತ್ರ ನಿನ್ನೆ ಮೊನ್ನೆಯದೆಂಬಂತೆ ಇತ್ತು. ಹಾಗಾಗಿ ಒಂದು ಬೆಳಿಗ್ಗೆ, "ಬಚ್ಚಲದಾಗೆ ಯಾರೋ ಕಲ್ಲು ಉಳ್ಳುಸ್ತಾರೆ ಕಣವ್ವ. ನಾ ಅಲ್ಲಿಗೆ ಬರಲ್ಲ" ಎಂದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸದ್ದು ನನಗೂ ಕೇಳಿಸಿತ್ತು. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಗುಡುಗುಡು ಎನ್ನುತ್ತಿತ್ತು. ನೀರು ಕಾಯುವಾಗ ಅಷ್ಟು ಇದ್ದದ್ದೇ ಅಂದುಕೊಂಡಿದ್ದೆ. ಹೊಸದುರ್ಗದಲ್ಲಿ ಕೆಲಸವಿದ್ದ ನನ್ನ ಗಂಡ ಮೊದಲ ಬಸ್ಸಿಗೇ ಹೊರಟುಬಿಡುತ್ತಿದ್ದರು. ಅತ್ತೆಗೆ ಸ್ನಾನ ಮಾಡಿಸಿ, ತಿಂಡಿ ತಿನ್ನಿಸಿ ನಾನು ಶಾಲೆಗೆ ಓಡಬೇಕಿತ್ತು.

ಒಂದು ದಿನ ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತುಬಿಟ್ಟರು. "ಸುಮ್ನೆ ಬರ್ರಿ ಅತ್ತೆ! ಅಲ್ಲಿ ಯಾರೂ ಇಲ್ಲ!" ಎಂದು ಕೂಗಿ, ಕೈ ಬಿಡಿಸಿ ಎಳೆದೆ. ಮಣಿಕಟ್ಟಿನ ಮೇಲೆ ನನ್ನ ಬೆರಳುಗಳ ಗುರುತು ಕೆಂಪಗೆ ಮೂಡಿತು. ನೀರು ಹೊಯ್ಯುವಾಗ ಅವರು ಸದ್ದಿಲ್ಲದೆ ಅಳುತ್ತಿದ್ದರು. ಇದನ್ನು ನಾನು ಗಂಡನಿಗೂ ಹೇಳಲಿಲ್ಲ.

ಆ ವಾರವೇ ನಲ್ಲಿಯಲ್ಲಿ ನೀರಿನ ಜೊತೆ ಬುಸ್ಸೆಂದು ಹಬೆ ಬಂತು. ಹೆದರಿ ಮಿಸ್ತ್ರಿಯನ್ನು ಕರೆಸಿದೆ. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನದವರು ಅವರು. ಈಗ ಗೀಸರ್ ರಿಪೇರಿ ಮಾಡುತ್ತಿದ್ದರು. ಕರೆಂಟ್ ತೆಗೆಸಿ, ಟ್ಯಾಂಕ್ ಆರುವ ತನಕ ಕಾದು, ನೀರು ಇಳಿಸಿ ತಳ ಬಿಚ್ಚಿದರು. ಬಿಳಿ ಚಕ್ಕೆಗಳು ಬಕೆಟ್ಟಿಗೆ ದಬದಬ ಬಿದ್ದವು.

"ಬೋರ್ ನೀರಿನ ಸುಣ್ಣ ಮೇಡಂ. ಇದರ ಅಡಿಗೆ ಸಿಕ್ಕ ನೀರು ಕುದ್ದು ಕುದ್ದು ಹಂಗೆ ಸದ್ದು ಬರ್ತೈತೆ" ಎಂದರು. ಆಮೇಲೆ ಪಕ್ಕದ ಸಣ್ಣ ಪೈಪಿನ ಬಾಯಿ ನೋಡಿ ಅವರ ಮುಖ ಬದಲಾಯಿತು. "ಇದಕ್ಕೆ ಬೆಣೆ ಹೊಡೆದೋರು ಯಾರ್ರಿ?"

ಅದು ದಿನವಿಡೀ ತೊಟ್ಟಿಕ್ಕುತ್ತಿತ್ತೆಂದು ಕಟ್ಟಿಗೆ ತುಂಡು ಜಡಿದು ಟೇಪು ಸುತ್ತಿದವಳು ನಾನೇ. ಹೇಳಿದೆ.

"ಒಳಗೆ ಒತ್ತಡ ಜಾಸ್ತಿ ಆದ್ರೆ ಹೊರಗೆ ಹೋಗಾಕೆ ಇರೋದು ಇದೊಂದೇ ದಾರಿ. ಕಾದ ಮೇಲೆ ತಾನಾಗೇ ಆಫ್ ಆಗೋದೂ ಕೆಟ್ಟೋಗೈತೆ. ಹಿಂಗೇ ಬಿಟ್ಟಿದ್ರೆ ಟ್ಯಾಂಕು ಒಡೀತಿತ್ತು. ಒಳಗೆ ಇದ್ದೋರ ಗತಿ ಏನು?"

ನಡುಮನೆಯ ಮಂಚದಿಂದ ಅತ್ತೆಯ ದನಿ ಬಂತು: "ನಾ ಹೇಳ್ಲಿಲ್ವೇನಪ್ಪ, ಅದರಾಗೆ ಏನೋ ಐತೆ ಅಂತ?"

ಮಿಸ್ತ್ರಿ ಕೈ ಒರೆಸಿಕೊಂಡು ಅವರ ಹತ್ತಿರ ಹೋದರು. "ನೀವು ಹೇಳಿದ್ದೇ ಸರಿ ಐತೆ ಅಮ್ಮಾ."

ನೀವು ಹೇಳಿದ್ದು ಸರಿ ಎಂದು ಅವರಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತರು.

ಹೊಸ ಸಾಮಾನು ಹಾಕಿದ ಮೇಲೆ ಗೀಸರ್ ಸುಮ್ಮನಾಯಿತು. ಮರುದಿನ ಅತ್ತೆ ಬಚ್ಚಲ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ನಾನು ಶಾಲೆಯ ಹೊತ್ತನ್ನು ಮರೆತು ಕಾದೆ. ಅವರಾಗಿಯೇ ಒಳಗೆ ಬಂದರು.

"ಅತ್ತೆ, ಅವತ್ತು ನಿಮ್ಮನ್ನ ಎಳೆದುಬಿಟ್ಟೆ. ತಪ್ಪಾತು" ಎಂದೆ.

"ಯಾವತ್ತೇ? ನೀನ್ಯಾಕೆ ನನ್ನ ಎಳೀತೀಯ? ಬೆನ್ನು ತಿಕ್ಕು."

ಕ್ಷಮಿಸಬೇಕಾದವರೇ ಮರೆತುಬಿಟ್ಟಿದ್ದರು. ಬೆನ್ನು ಉಜ್ಜುತ್ತಾ ನಿಂತೆ. ನನ್ನ ಕಣ್ಣೀರು ಅವರಿಗೆ ಕಾಣುವಂತಿರಲಿಲ್ಲ.

ಅತ್ತೆ ಇನ್ನೂ ಎರಡು ವರ್ಷ ಇದ್ದರು. "ಮಾಳಿಗೆ ಮೇಲೆ ಯಾರೋ ಅವ್ರೆ", "ಮಂಚದಡಿ ಕುರಿಮರಿ ಸಿಕ್ಕಂಡೈತೆ" ಎನ್ನುತ್ತಿದ್ದರು. ಪ್ರತಿ ಸಲವೂ ಎದ್ದು ಹೋಗಿ, ಬಗ್ಗಿ ನೋಡಿ ಬಂದು, ನೋಡಿದೆ ಅತ್ತೆ ಎಂದು ಹೇಳುತ್ತಿದ್ದೆ. ಏನೂ ಇರುತ್ತಿರಲಿಲ್ಲ. "ನೋಡಿದ್ಯಲ್ಲ, ಸಾಕು" ಎಂದು ಅವರು ಕಣ್ಣು ಮುಚ್ಚುತ್ತಿದ್ದರು.