ಕಳ್ಳರಿಗೂ ಕೇಳಿಸಿದ ಮಾತು

ನಾನು ಪಿಯುಸಿ ಮುಗಿಸಿದ ಬೇಸಿಗೆ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ, ನಮ್ಮ ಕಾಕಾನ ಮಗ, ರಜೆಗೆಂದು ಬಾಗೇವಾಡಿಯ ಮನೆಗೆ ಬರುವಾಗ ಒಂದು ವಿಚಿತ್ರ ಆಟ ತಂದ. ಅದಕ್ಕೆ ಹಾಸೂ ಇಲ್ಲ, ಕಾಯಿಯೂ ಇಲ್ಲ. ಅಣ್ಣ ಕಥೆ ಹೇಳುತ್ತಾನೆ, ಅದರೊಳಗಿನ ಮನುಷ್ಯರು ನಾವು. ಏನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಅಕ್ಕ ಕತ್ತಿ ಹಿಡಿದಳು. ನಾನು ಬಿಲ್ಲು.

ಮೊದಲ ಹೊಡೆದಾಟ ಇಂಗಳೇಶ್ವರದ ಗುಡ್ಡದಲ್ಲಿ. ಕಳ್ಳರು ನಮ್ಮನ್ನು ಸುತ್ತುವರಿದಿದ್ದರು. ಅಷ್ಟೂ ಕಳ್ಳರ ಪರವಾಗಿ ಅಣ್ಣನೊಬ್ಬನೇ ಆಡುತ್ತಿದ್ದ.

"ನೀ ಬಂಡಿ ಹಿಂದ ಅಡಗು, ನಾ ಎಡಗಡೆ ಇರಾಂವನ್ನ ಹೊಡೀತೇನಿ," ಅಂದಳು ಅಕ್ಕ.

"ಬ್ಯಾಡಕ್ಕಾ, ಮೊದಲ ಅವರ ನಾಯಕನ್ನ ಕೆಡವೂಣು."

ನಮ್ಮ ಚರ್ಚೆ ಮುಗಿಯುವಷ್ಟರಲ್ಲಿ ಅಣ್ಣನ ಚಹಾ ಆರಿತು, ತಾಳ್ಮೆಯೂ ಕೆಟ್ಟಿತು. "ಕುತ್ತಿಗಿಗೆ ಕತ್ತಿ ಬಂದಾಗ ಯಾರರ ಹಿಂಗ ಪಂಚಾಯ್ತಿ ಮಾಡ್ತಾರೇನು? ಇನ್ನ ಮ್ಯಾಲೆ ಹೊಡೆದಾಟದಾಗ ಇಲ್ಲಿ ಏನ ಮಾತಾಡಿದ್ರೂ ಕಳ್ಳರಿಗೂ ಕೇಳ್ತೈತಿ!"

ಹೇಳಿದಂತೆಯೇ ಮಾಡಿದ. "ನನ್ನ ಬಲಗೈ ಸೋತೈತಿ" ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದ್ದೇ ತಡ, ಕಳ್ಳರೆಲ್ಲ ಅವಳ ಬಲಕ್ಕೇ ನುಗ್ಗಿದರು. ಕತ್ತಿ ಬಿತ್ತು. ನನ್ನ ಬತ್ತಳಿಕೆಯೂ ಖಾಲಿಯಾಗುತ್ತ ಬಂದಿತ್ತು. ಇಬ್ಬರೂ ಬಾಯಿ ಬಿಗಿಹಿಡಿದು, ಕಣ್ಣಲ್ಲೇ ಮಾತಾಡಲು ಹೋಗಿ ಒಬ್ಬರಿಗೊಬ್ಬರು ಅರ್ಥವಾಗದೆ ಒದ್ದಾಡುತ್ತಿದ್ದೆವು.

ಪಡಸಾಲೆಯ ಆ ತುದಿಗೆ ಅಣ್ಣನ ತಾಯಿ, ನಮ್ಮ ಕಾಕು, ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಗಟ್ಟಿಯಾಗಿ ಕೂಗಿದಳು: "ಹುಡುಗ್ಯಾರ, ಇನ್ನೊಂದೀಟು ತಡೀರಿ! ನನ್ನ ತವರೂರು ಹೊರ್ತಿ ಮಂದಿ ಬಂದೂಕು ತಗೊಂಡು ಗುಡ್ಡ ಹತ್ತಾಕತ್ತಾರ!"

ಅಣ್ಣ ಬೆಚ್ಚಿಬಿದ್ದ. "ಯವ್ವಾ, ನೀ ಆಟದಾಗ ಇಲ್ಲ!"

"ಇಲ್ಲಪಾ. ಆದ್ರ ಇಲ್ಲಿ ಆಡಿದ್ದೆಲ್ಲಾ ಅವರಿಗೆ ಕೇಳ್ತೈತಿ ಅಂತ ನೀನ ಅಂದಿ. ಈಗ ಕೇಳಿತೋ ಇಲ್ಲೋ?"

ಅಣ್ಣ ಆಟದಲ್ಲಿ ಮೋಸ ಮಾಡುವವನಲ್ಲ. "ಕೇಳೇತಿ. ನಂಬ್ತಾರೋ ಇಲ್ಲೋ, ದಾಳ ಹೇಳ್ಲಿ."

ಕಾಕು ಕೈಯ ಜೋಳದ ಧೂಳು ಊದಿ ದಾಳ ಎಸೆದಳು. ಅದು ಉರುಳುತ್ತ ಹೋಗಿ ಕಂಬದ ಹಿಂದೆ ನಿಂತಿತು. ಮೂವರೂ ಅಂಬೆಗಾಲಲ್ಲಿ ಹೋಗಿ ನೋಡಿದೆವು. ಹತ್ತೊಂಬತ್ತು!

"ಓಡ್ರಲೇ, ಹೊರ್ತಿ ಮಂದಿ ಬಂದ್ರು!" ಎನ್ನುತ್ತ ಅಣ್ಣನೇ ಎದ್ದು ಅಂಗಳದ ತುಂಬ ಓಡಾಡಿದ. ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೊರಗಿದಳು. ನಾವು ಅಷ್ಟು ನಕ್ಕಿದ್ದು ನನಗೆ ಬೇರೆಂದೂ ನೆನಪಿಲ್ಲ.

ಮರುದಿನದಿಂದ ಕಾಕುವೂ ಆಟಕ್ಕೆ ಕುಳಿತಳು. ಕತ್ತಿ, ಬಿಲ್ಲು ಯಾವುದೂ ಬೇಡವೆಂದಳು. "ನಾ ಬರೇ ಮಾತಾಡಾಕಿ." ಹೊಸ ಕಳ್ಳರ ನಾಯಕ ಕೊಡಲಿ ಎತ್ತಿ ಎದುರು ನಿಂತಾಗ ಅವಳು ಕೇಳಿದ್ದು ಒಂದೇ: "ಉಂಡೀಯೇನಪಾ?"

ಅಣ್ಣ, ನಾಯಕನ ಗಡಸು ದನಿಯಲ್ಲೇ, "ಇಲ್ರಿ" ಅಂದ.